ಕಡಲಿಗೆ ಹೋಗುವ ಈಜುಗಾರನಿಗೂ ಬೆಂಡು ಬೇಕು

ದ್ರಾಕ್ಷಿ ಕಟಾವು ಮುಗಿದು ಒಣದ್ರಾಕ್ಷಿ ಶೆಡ್ಡಿನಿಂದ ಪೇಟೆಗೆ ಹೋದ ಮೇಲೆ ತಿಕೋಟಾ, ಬಬಲೇಶ್ವರ, ಕಳ್ಳಕವಟಗಿ ಕಡೆಯ ಮನೆಗಳಲ್ಲಿ ನಾಲ್ಕು ದಿನ ಬಿಡುವು, ಕಿಸೆಯಲ್ಲಿ ನಾಲ್ಕು ಕಾಸು ಎರಡೂ ಕೂಡಿ ಬರುತ್ತವೆ. ಮಕ್ಕಳಿಗೂ ಬೇಸಿಗೆ ರಜೆ. ಮೊದಲು ಪಂಢರಪುರ, ತುಳಜಾಪುರ ಎನ್ನುತ್ತಿದ್ದವರು ಈಗ ಗೋವಾ, ಕಾರವಾರ, ಮುರ್ಡೇಶ್ವರ ಎಂದೂ ಹೊರಡುತ್ತಾರೆ. ಗೋವೆಯಲ್ಲಿ ನೌಕರಿಗಿರುವ ಗೆಳೆಯನೊಬ್ಬ, ‘ಒಂದು ಯಾಟ್ ಬಾಡಿಗೆಗೆ ಹಿಡಿಯೋಣು, ಮನಿ ಮಂದಿನೆಲ್ಲ ಕರಕೊಂಡು ದಂಡಿ ಗುಂಟ ಸುತ್ತಿ ಬರೋಣು’ ಎಂದರೆ ಒಲ್ಲೆ ಎನ್ನುವುದು ಹೇಗೆ? ಹೋಗಿ ಬನ್ನಿ. ಗಾಳಿ ತುಂಬಿದ ಹಾಯಿಯ ಕೆಳಗೆ ಕುಳಿತು ನೋಡುವ ಕಡಲು ಬಯಲುಸೀಮೆಯವರಿಗೆ ಮರೆಯದ ನೋಟ. ಆದರೆ ಹೊರಡುವ ಮೊದಲು ಒಂದೆರಡು ಮಾತು ಕೇಳಿ.

ನಮ್ಮ ಕಡೆ ಬಾವಿಯಲ್ಲಿ ಈಜು ಕಲಿಯುವ ಹುಡುಗನ ಬೆನ್ನಿಗೆ ಬೆಂಡನ್ನೋ ಒಣಗಿದ ಸೋರೆ ಬುರುಡೆಯನ್ನೋ ಖಾಲಿ ಡಬ್ಬಿಯನ್ನೋ ಕಟ್ಟುತ್ತಾರೆ. ಅದನ್ನು ಬಿಚ್ಚಿ ಎಸೆದ ದಿನ ಅವನು ಗಂಡಸಾದಂತೆ! ಈ ಹೆಮ್ಮೆಯೇ ಕಡಲಿನಲ್ಲಿ ಕುತ್ತಿಗೆಗೆ ಬರುತ್ತದೆ. ದೋಣಿಯವನು ಲೈಫ್ ಜಾಕೆಟ್ ಕೊಟ್ಟರೆ ಈಜು ಬಲ್ಲವರು ಅದನ್ನು ಮಡಚಿ ಕುಂಡಿಯ ಕೆಳಗೆ ಹಾಕಿಕೊಂಡು ಕೂರುತ್ತಾರೆ. ಫೋಟೋಕ್ಕೆ ಅಡ್ಡವೆಂದು ಎಳೆಯರು ಬಿಚ್ಚುತ್ತಾರೆ. ಸೆಕೆ ಎಂದು ಹಿರಿಯರು ಗುಂಡಿ ಹಾಕುವುದಿಲ್ಲ.

ಬಾವಿಯಲ್ಲಿ ನಾಲ್ಕು ಕೈ ಹೊಡೆದರೆ ಮೆಟ್ಟಿಲು ಸಿಗುತ್ತದೆ. ಕಡಲಿನಲ್ಲಿ ಸೆಳೆತವಿದೆ, ಅಲೆ ಬಾಯಿಗೆ ಹೊಡೆಯುತ್ತದೆ, ನೆನೆದ ಸೀರೆ ಕಾಲಿಗೆ ಸುತ್ತಿಕೊಳ್ಳುತ್ತದೆ. ಹಾಯಿದೋಣಿಯಲ್ಲಿ ಇನ್ನೊಂದು ಅಪಾಯವೂ ಇದೆ. ಹಾಯಿಯ ಬುಡದ ಅಡ್ಡಕಂಬ ಗಾಳಿ ತಿರುಗಿದಾಗ ಒಂದು ಬದಿಯಿಂದ ಇನ್ನೊಂದಕ್ಕೆ ರಭಸದಿಂದ ಬೀಸುತ್ತದೆ. ತಲೆಗೆ ಪೆಟ್ಟು ಬಿದ್ದು ಎಚ್ಚರ ತಪ್ಪಿ ನೀರಿಗೆ ಬಿದ್ದವನಿಗೆ ಎಷ್ಟು ವರ್ಷದ ಈಜು ಬಂದರೇನು?

2019ರ ಜನವರಿ 21ರಂದು ಕಾರವಾರದ ಕೂರ್ಮಗಡ ದ್ವೀಪದ ನರಸಿಂಹ ಜಾತ್ರೆಯಿಂದ ಮರಳುತ್ತಿದ್ದ ದೋಣಿ ಮಗುಚಿ 16 ಮಂದಿ ಸತ್ತರು. ಅವರಲ್ಲಿ ಹಲವರು ಹಾವೇರಿ ಜಿಲ್ಲೆಯವರು, ನಮ್ಮಂತೆಯೇ ಕಡಲಿಗೆ ಹೊಸಬರು. 2024ರ ಡಿಸೆಂಬರ್ 18ರಂದು ಮುಂಬೈ ಬಂದರಿನಲ್ಲಿ ಎಲಿಫೆಂಟಾಕ್ಕೆ ಹೊರಟಿದ್ದ ಪ್ರವಾಸಿ ದೋಣಿಗೆ ನೌಕಾಪಡೆಯ ವೇಗದ ದೋಣಿ ಬಡಿದು ಹತ್ತಕ್ಕೂ ಹೆಚ್ಚು ಜೀವ ಹೋಯಿತು. ಎರಡೂ ಸಲ ಜಾಕೆಟ್ಟಿನ ಮಾತು ಜೋರಾಗಿ ಎದ್ದದ್ದು ಹೆಣಗಳು ದಡಕ್ಕೆ ಬಂದ ಮೇಲೆ. ಹತ್ತಿದವರೆಲ್ಲರೂ ಜಾಕೆಟ್ ಕಟ್ಟಿಕೊಳ್ಳುವವರೆಗೆ ಹಗ್ಗ ಬಿಚ್ಚಕೂಡದು ಎಂಬುದು ನನ್ನ ಖಚಿತ ಅಭಿಪ್ರಾಯ. ದೋಣಿಯವನು ಹೇಳದಿದ್ದರೆ ಮನೆಯ ಹಿರಿಯರೇ ಹೇಳಬೇಕು. ಗೆಳೆಯ ನಕ್ಕರೆ ನಗಲಿ.

ಮಗುವಿಗೆ ದೊಡ್ಡವರ ಜಾಕೆಟ್ ತೊಡಿಸಿದರೆ ಪ್ರಯೋಜನವಿಲ್ಲ. ಪಟ್ಟಿಗಳನ್ನೆಲ್ಲ ಬಿಗಿದ ಮೇಲೆ ಎರಡೂ ಭುಜದ ಬಳಿ ಹಿಡಿದು ಮೇಲಕ್ಕೆ ಎತ್ತಿ ನೋಡಿ. ಜಾಕೆಟ್ ಗಲ್ಲ ದಾಟಿ ಕಿವಿಯವರೆಗೆ ಜಾರಿದರೆ ಅದು ಆ ಮಗುವಿನ ಅಳತೆಯದಲ್ಲ; ನೀರಿನಲ್ಲಿ ಜಾಕೆಟ್ ತೇಲುತ್ತದೆ, ಮಗು ಕೆಳಗೆ ಜಾರುತ್ತದೆ. ಅಳತೆಯದು ಇಲ್ಲವೆಂದರೆ ಆ ದೋಣಿ ಹತ್ತಬೇಡಿ.

ಇನ್ನು ವಾಂತಿಯ ವಿಷಯ. ಅರಬೈಲ್ ಅಥವಾ ಅನಮೋಡ ಘಾಟಿನ ತಿರುವುಗಳಲ್ಲೇ ಬಸ್ಸಿನ ಕಿಟಕಿಯಿಂದ ತಲೆ ಹೊರಗೆ ಹಾಕುವವರಿಗೆ ದೋಣಿಯಲ್ಲಿ ಏನಾಗಬಹುದೆಂದು ಬೇರೆ ಹೇಳಬೇಕೆ? ನಮ್ಮ ಒಳಗಿವಿಯಲ್ಲಿ ದ್ರವ ತುಂಬಿದ ಸಣ್ಣ ನಾಳಗಳಿವೆ. ದೇಹ ಓಲಾಡುತ್ತಿದೆ ಎಂದು ಅವು ಮಿದುಳಿಗೆ ಸುದ್ದಿ ಕಳಿಸುತ್ತವೆ. ದೋಣಿಯ ಒಳಕೋಣೆಯನ್ನೋ ಕೈಯಲ್ಲಿರುವ ಮೊಬೈಲನ್ನೋ ನೋಡುತ್ತಿರುವ ಕಣ್ಣು ಮಾತ್ರ ಎಲ್ಲವೂ ನಿಂತಿದೆ ಎನ್ನುತ್ತದೆ. ಈ ಎರಡು ಸಾಕ್ಷಿಗಳ ಜಗಳದಲ್ಲಿ ಹೊಟ್ಟೆ ತೊಳಸುತ್ತದೆ. ಇದರಲ್ಲಿ ನಾಚಿಕೆಪಡುವಂಥದ್ದೇನಿಲ್ಲ; ಇಂಗ್ಲೆಂಡಿನ ನೌಕಾ ಸೇನಾನಿ ನೆಲ್ಸನ್ ಕೂಡ ಹೀಗೆ ನರಳಿದವನೇ.

ಉಪಾಯ ಸುಲಭ. ಒಳಕೋಣೆಗೆ ಇಳಿಯದೆ ದೋಣಿಯ ನಡುಭಾಗದಲ್ಲಿ ಗಾಳಿಗೆ ಕುಳಿತು, ದೂರದ ದಿಗಂತದ ಗೆರೆ ನೋಡುತ್ತಿರಿ. ಖಾಲಿ ಹೊಟ್ಟೆ ಬೇಡ, ಎಣ್ಣೆಯ ಬಜಿ ತುಂಬಿದ ಹೊಟ್ಟೆಯೂ ಬೇಡ. ಅರ್ಧ ರೊಟ್ಟಿ, ಒಂದು ಚೂರು ಹಸಿಶುಂಠಿ ಸಾಕು. ವಾಂತಿ ತಡೆಯುವ ಗುಳಿಗೆ ತೆಗೆದುಕೊಳ್ಳುವುದಾದರೆ ಹತ್ತುವ ಒಂದು ಗಂಟೆ ಮೊದಲೇ ನುಂಗಬೇಕು. ವಾಂತಿ ಶುರುವಾದ ಮೇಲೆ ನುಂಗಿದ್ದು ಹೊರಗೇ ಬರುತ್ತದೆ. ಈ ಗುಳಿಗೆಗಳಿಂದ ನಿದ್ದೆ ಬರುತ್ತದೆ. ಅದರ ಮೇಲೆ ಬಿಯರ್ ಕುಡಿದರೆ ಕೈಕಾಲು ಸ್ವಾಧೀನದಲ್ಲಿರುವುದಿಲ್ಲ, ದೋಣಿಯ ಅಂಚಿನಲ್ಲಿ ಅದೇ ಮೃತ್ಯು. ಗ್ಲಾಕೋಮಾ, ಪ್ರಾಸ್ಟೇಟ್ ತೊಂದರೆ ಇರುವವರು, ಗರ್ಭಿಣಿಯರು ವೈದ್ಯರನ್ನು ಕೇಳದೆ ನುಂಗಕೂಡದು. ಎರಡು ವರ್ಷದೊಳಗಿನ ಕೂಸಿಗೆ ಕೊಡಲೇಬೇಡಿ. ಸಕ್ಕರೆ ಕಾಯಿಲೆಯವರು ಇನ್ನೂ ಎಚ್ಚರವಾಗಿರಬೇಕು. ಬೆಳಿಗ್ಗೆ ಇನ್ಸುಲಿನ್ ಚುಚ್ಚಿಕೊಂಡು ಉಂಡದ್ದೆಲ್ಲ ವಾಂತಿಯಾದರೆ ರಕ್ತದ ಸಕ್ಕರೆ ಒಮ್ಮೆಲೇ ಇಳಿಯುತ್ತದೆ. ಬೆವರು, ನಡುಕ, ತಲೆಸುತ್ತು ಕಂಡರೆ ಅದೂ ಕಡಲಿನ ಕಾಟವೆಂದು ತಿಳಿಯಬೇಡಿ. ಕಿಸೆಯಲ್ಲಿ ಬೆಲ್ಲವೋ ಗ್ಲೂಕೋಸೋ ಇರಲಿ.

ಜೂನ್ 1ರಿಂದ ಜುಲೈ 31ರವರೆಗೆ ಕರ್ನಾಟಕದ ಕರಾವಳಿಯಲ್ಲಿ ಯಾಂತ್ರಿಕ ಮೀನುಗಾರಿಕೆಗೇ ನಿಷೇಧವಿದೆ. ಕಡಲಲ್ಲೇ ಹುಟ್ಟಿ ಬೆಳೆದವರು ದೋಣಿ ದಡಕ್ಕೆ ಎಳೆದಿಟ್ಟಾಗ ನೀವು ಯಾಟ್ ಹುಡುಕುವುದು ಬೇಡ. ಕರಾವಳಿ ರಕ್ಷಣಾ ಪಡೆಯ ತುರ್ತು ದೂರವಾಣಿ 1554, ಬರೆದಿಟ್ಟುಕೊಳ್ಳಿ.

ಮುಳುಗುವವನು ಸಿನಿಮಾದಂತೆ ಕೂಗುವುದಿಲ್ಲ. ಉಸಿರಿಗೇ ಬಿಡುವಿಲ್ಲದವನು ಕೂಗುವುದು ಹೇಗೆ? ಸದ್ದಿಲ್ಲದೆ ತಲೆ ಹಿಂದಕ್ಕೆ ವಾಲಿ ಬಾಯಿ ನೀರಿನ ಮಟ್ಟದಲ್ಲಿದ್ದರೆ ಕೂಡಲೇ ಹಗ್ಗವನ್ನೋ ತೇಲುವ ವಸ್ತುವನ್ನೋ ಎಸೆಯಿರಿ, ನೀವೇ ಹಾರಬೇಡಿ. ಮೇಲೆತ್ತಿದವರನ್ನು ತಲೆಕೆಳಗಾಗಿ ಹಿಡಿಯುವುದು, ಹೊಟ್ಟೆ ಒತ್ತಿ ನೀರು ಕಕ್ಕಿಸುವುದು ಹಳ್ಳಿಗಳಲ್ಲಿ ಇನ್ನೂ ನಡೆಯುತ್ತಿದೆ. ಇದರಿಂದ ಹೊಟ್ಟೆಯಲ್ಲಿದ್ದದ್ದು ಶ್ವಾಸಕೋಶಕ್ಕೆ ನುಗ್ಗುತ್ತದೆ, ಅಮೂಲ್ಯ ನಿಮಿಷಗಳೂ ಹೋಗುತ್ತವೆ. ಉಸಿರಿಲ್ಲದಿದ್ದರೆ ಮೊದಲು ಬಾಯಿಗೆ ಬಾಯಿಟ್ಟು ಉಸಿರು ಕೊಡಿ. ಆಮೇಲೆ ಎದೆಯ ನಡುವೆ 30 ಸಲ ಬಲವಾಗಿ ಒತ್ತಿ ಎರಡು ಉಸಿರು, ಮತ್ತೆ 30, ಸಹಾಯ ಬರುವವರೆಗೆ ಹೀಗೆಯೇ. ಬದುಕಿಕೊಂಡವನು ಎದ್ದು ಕುಳಿತು ಚಹಾ ಬೇಡಿದರೂ ಅವತ್ತೇ ಆಸ್ಪತ್ರೆಗೆ ತೋರಿಸಿ. ಕೆಮ್ಮು, ಏದುಸಿರು ಕೆಲವು ಗಂಟೆಗಳ ಮೇಲೆ ಹೆಚ್ಚಾಗಬಹುದು.

ಊರಿಗೆ ಬಂದು ಮಲಗಿದ ರಾತ್ರಿ ಹೊರಸು ತೇಲಿದಂತೆ, ಕಳ್ಳಕವಟಗಿಯ ನೆಲವೇ ಓಲಾಡಿದಂತೆ ಅನಿಸಿದರೆ ಗಾಬರಿಯಾಗಬೇಡಿ. ಅಲೆಗೆ ಒಗ್ಗಿದ್ದ ಮಿದುಳು ಮತ್ತೆ ನೆಲಕ್ಕೆ ಒಗ್ಗಲು ಸಾಮಾನ್ಯವಾಗಿ ಒಂದೆರಡು ದಿನ ಬೇಕಾಗುತ್ತದೆ. ವಾರಗಟ್ಟಲೆ ಬಿಡದಿದ್ದರೆ ಕಿವಿ-ಮೂಗು-ಗಂಟಲಿನ ವೈದ್ಯರನ್ನು ಕಾಣಿರಿ.