ಗ್ರಂಥಪಾಲನ ಕೆಲಸವೂ ನಮ್ಮ ಊರುಗಳೂ

ಪದವಿಯ ಕೊನೆಯ ವರ್ಷಕ್ಕೆ ಕಾಲಿಟ್ಟ ವಿದ್ಯಾರ್ಥಿಯನ್ನು ಕಂಡವರೆಲ್ಲರೂ ಕೇಳುವ ಪ್ರಶ್ನೆ ಒಂದೇ: ‘ಮುಂದೇನು?’ ಬಿ.ಎಡ್. ಎಂದರೆ ಕೇಳಿದವರಿಗೆ ಸಮಾಧಾನ, ಪೊಲೀಸು, ಪಿ.ಡಿ.ಒ. ಎಂದರೆ ಸಂತೋಷ. ‘ಗ್ರಂಥಪಾಲನಾಗಬೇಕೆಂದಿದ್ದೇನೆ’ ಎಂದರೆ ಮಾತ್ರ ಅವರ ಮುಖದಲ್ಲಿ ಒಂದು ಬಗೆಯ ಕನಿಕರ ಮೂಡುತ್ತದೆ. ಮನೆಯಲ್ಲಿ ನಾನು ಈ ಮಾತೆತ್ತಿದಾಗ ನಮ್ಮಪ್ಪ ಸ್ವಲ್ಪ ಹೊತ್ತು ಸುಮ್ಮನಿದ್ದು, ‘ಅಲ್ಲೋ ತಮ್ಮಾ, ಹೊಲ ಕಾಯಾಕ ನಾನೇನೂ ಓದಲಿಲ್ಲ. ಪುಸ್ತಕ ಕಾಯಾಕ ನೀನು ಮತ್ತೆ ಎರಡು ವರ್ಷ ಓದಬೇಕೇನು?’ ಎಂದರು. ಆಗ ನನ್ನಲ್ಲಿ ಉತ್ತರವಿರಲಿಲ್ಲ. ಈ ಲೇಖನವು ಆ ಉತ್ತರವನ್ನು ಹುಡುಕುವ ಪ್ರಯತ್ನವೆಂದು ವಾಚಕರು ಭಾವಿಸಬೇಕು.

ಗ್ರಂಥಪಾಲನೆಂದರೆ ಪುಸ್ತಕ ಕಾಯುವವನೆಂಬ ಭಾವನೆ ನಮ್ಮಪ್ಪನೊಬ್ಬರದೇ ಅಲ್ಲ. ಓದಿದವರಲ್ಲಿಯೂ ಅದು ಬೇರೂರಿದೆ. ನನ್ನ ಅನುಭವವೊಂದನ್ನು ಹೇಳುತ್ತೇನೆ. ನಮ್ಮ ಭಾಗದ ಚರಿತ್ರೆಯ ಮೇಲೆ ಕಿರುಪ್ರಬಂಧ ಬರೆಯಲು ನನಗೆ ಡಬ್ಲ್ಯು. ಫ್ರಾನ್ಸಿಸ್ ಎಂಬ ಅಧಿಕಾರಿ 1904ರಲ್ಲಿ ಹೊರತಂದ ಬಳ್ಳಾರಿ ಜಿಲ್ಲಾ ಗೆಜೆಟಿಯರು ಬೇಕಾಗಿತ್ತು. ನಾನು ಹೋದ ಗ್ರಂಥಾಲಯವೊಂದರ ದಾಖಲೆ ಪುಸ್ತಕದಲ್ಲಿ ಅದರ ಹೆಸರಿತ್ತು, ಸಂಖ್ಯೆಯೂ ಇತ್ತು. ಪುಸ್ತಕ ಮಾತ್ರ ಇರಲಿಲ್ಲ. ಗ್ರಂಥಪಾಲರ ಹುದ್ದೆ ಖಾಲಿಯಾಗಿ ವರ್ಷಗಳಾಗಿದ್ದವು. ಬೀಗದ ಕೈ ಇಟ್ಟುಕೊಂಡವರು ಒಳ್ಳೆಯವರೇ, ಆದರೆ ಅವರ ಕೆಲಸ ಬೇರೆ. ಮೂರು ವಾರ ಅಲೆದಾಡಿದ ಮೇಲೆ ಬೀರುವಿನ ತಲೆಯ ಮೇಲೆ ಹಳೆಯ ಪ್ರಶ್ನೆಪತ್ರಿಕೆಗಳ ಕಟ್ಟಿನೊಳಗೆ ಅದು ಸಿಕ್ಕಿತು. ಪುಸ್ತಕವನ್ನು ಯಾರೂ ಕದ್ದಿರಲಿಲ್ಲ. ಅದು ಚೆನ್ನಾಗಿ ಕಾಯಲ್ಪಟ್ಟಿತ್ತು. ಓದುಗನಿಗೆ ದೊರೆಯುವಂತಿರಲಿಲ್ಲ, ಅಷ್ಟೇ. ಓದುಗನ ವೇಳೆಯನ್ನು ಉಳಿಸುವುದು ಗ್ರಂಥಾಲಯದ ಧರ್ಮವೆಂಬುದು ಎಸ್. ಆರ್. ರಂಗನಾಥನ್ ಅವರು 1931ರಲ್ಲಿ ಪ್ರಕಟಿಸಿದ ಐದು ಸೂತ್ರಗಳಲ್ಲಿ ಒಂದರ ತಾತ್ಪರ್ಯ. ಆ ಮೂರು ವಾರಗಳಲ್ಲಿ ಅದರ ಅರ್ಥ ನನಗೆ ಚೆನ್ನಾಗಿ ತಿಳಿಯಿತು.

ಇನ್ನು ಉದ್ಯೋಗದ ವಿಚಾರ. ಈ ವೃತ್ತಿಗೆ ಮುಖ್ಯವಾಗಿ ಮೂರು ಬಾಗಿಲುಗಳಿವೆ.

ಮೊದಲನೆಯದು ಗ್ರಾಮ ಪಂಚಾಯತಿಯ ಗ್ರಂಥಾಲಯ. ಇವು 2019ರಲ್ಲಿ ಗ್ರಂಥಾಲಯ ಇಲಾಖೆಯಿಂದ ಗ್ರಾಮೀಣಾಭಿವೃದ್ಧಿ ಮತ್ತು ಪಂಚಾಯತ್ ರಾಜ್ ಇಲಾಖೆಗೆ ಬಂದವು. ಈಗ ‘ಅರಿವು ಕೇಂದ್ರ’ಗಳೆಂದು ಹೆಸರಾಗಿವೆ. ನಮ್ಮೂರಿನ ಕೇಂದ್ರದ ಮೇಲ್ವಿಚಾರಕಿ ಅಕ್ಕನವರು ಮಕ್ಕಳಿಗೆ ಕಥೆ ಓದಿಸುತ್ತಾರೆ, ಮುದುಕರಿಗೆ ಪತ್ರಿಕೆ ಓದಿ ಹೇಳುತ್ತಾರೆ, ಅರ್ಜಿ ತುಂಬಿಕೊಡುತ್ತಾರೆ. ನಾನು ಹೈಸ್ಕೂಲಿನಲ್ಲಿದ್ದಾಗ ಪಠ್ಯವಲ್ಲದ ಮೊದಲ ಪುಸ್ತಕವನ್ನು ನನ್ನ ಕೈಗಿತ್ತವರು ಅವರೇ. ಅವರಿಗೆ ಸಿಗುವುದು ವೇತನವಲ್ಲ, ಗೌರವಧನ. ಅದರಲ್ಲಿ ಗೌರವ ಬಹಳ, ಧನ ಸ್ವಲ್ಪ. ಪಂಚಾಯತಿಗೆ ಒಬ್ಬರೇ ಆದುದರಿಂದ ಇದ್ದವರು ಬಿಟ್ಟ ಹೊರತು ಹೊಸಬರಿಗೆ ಜಾಗವೂ ಇಲ್ಲ.

ಎರಡನೆಯ ಬಾಗಿಲು ಬಿ.ಲಿಬ್. ಪದವೀಧರರಿಗೆ ತೆರೆಯುವಂಥದು: ಕೇಂದ್ರೀಯ ವಿದ್ಯಾಲಯ, ನವೋದಯ ವಿದ್ಯಾಲಯ, ಸಾರ್ವಜನಿಕ ಗ್ರಂಥಾಲಯ ಇಲಾಖೆ, ಖಾಸಗಿ ಶಾಲೆಗಳು. ಕೇಂದ್ರದ ಶಾಲೆಗಳಿಗೆ ಇಡೀ ದೇಶದವರೊಡನೆ ಪರೀಕ್ಷೆ ಬರೆಯಬೇಕು. ಮೂರನೆಯದು ಪದವಿ ಕಾಲೇಜು ಮತ್ತು ವಿಶ್ವವಿದ್ಯಾಲಯ. ಇಲ್ಲಿ ಎಂ.ಲಿಬ್.ನಲ್ಲಿ ಸಾಮಾನ್ಯವಾಗಿ ನೂರಕ್ಕೆ 55 ಅಂಕಗಳು ಬೇಕು. ಅದರ ಮೇಲೆ ನೆಟ್ ಅಥವಾ ಕೆ-ಸೆಟ್ ತೇರ್ಗಡೆಯಾಗಿರಬೇಕು. ಯು.ಜಿ.ಸಿ.ಯ 2018ರ ನಿಯಮಗಳಂತೆ ಕಾಲೇಜಿನ ಗ್ರಂಥಪಾಲರ ಆರಂಭದ ವೇತನಶ್ರೇಣಿಯು ಸಹಾಯಕ ಪ್ರಾಧ್ಯಾಪಕರದಕ್ಕೆ ಸಮನಾದುದು. ಅಂದರೆ ಕಾನೂನು ಈ ಕೆಲಸವನ್ನು ಕೀಳೆಂದು ಬಗೆದಿಲ್ಲ, ಬಗೆದಿರುವವರು ನಾವು.

ಬಾಗಿಲುಗಳು ಮೂರಿದ್ದರೂ ತೆರೆಯುವುದು ಅಪರೂಪ. ಅನೇಕ ಕಡೆ ಗ್ರಂಥಪಾಲರು ನಿವೃತ್ತರಾದರೆ ಆ ಹೊಣೆ ಯಾರಾದರೊಬ್ಬ ಅಧ್ಯಾಪಕರ ಹೆಗಲಿಗೆ ಬೀಳುತ್ತದೆ. ನನಗೆ ಪರಿಚಯದ ಹಿರಿಯರೊಬ್ಬರು ಎಂ.ಲಿಬ್. ಮುಗಿಸಿ, ದೂರದ ಪಟ್ಟಣವೊಂದರ ಖಾಸಗಿ ಸಂಸ್ಥೆಯಲ್ಲಿ ಗ್ರಂಥಪಾಲರೆಂದು ಸೇರಿದರು. ಅವರು ಬೆಳಿಗ್ಗೆ ಶುಲ್ಕದ ರಸೀದಿ ಬರೆಯುತ್ತಾರೆ, ಮಧ್ಯಾಹ್ನ ಪ್ರವೇಶದ ಅರ್ಜಿ ನೋಡುತ್ತಾರೆ. ತಪಾಸಣೆಯ ತಂಡ ಬರುವ ವಾರ ಮಾತ್ರ ಗ್ರಂಥಪಾಲರಾಗುತ್ತಾರೆ. ಹಲ್ಲಿದ್ದವನಿಗೆ ಕಡಲೆಯಿಲ್ಲ, ಕಡಲೆಯಿದ್ದವನಿಗೆ ಹಲ್ಲಿಲ್ಲ ಎಂಬ ಗಾದೆಯಂತೆ, ಗ್ರಂಥಾಲಯವಿದ್ದಲ್ಲಿ ಗ್ರಂಥಪಾಲನಿಲ್ಲ, ಕಲಿತ ಗ್ರಂಥಪಾಲನಿಗೆ ಗ್ರಂಥಾಲಯವಿಲ್ಲ.

ಸಂವಿಧಾನದ 371(ಜೆ) ವಿಧಿಯಿಂದ ನಮ್ಮ ಭಾಗದವರಿಗೆ ಉದ್ಯೋಗದಲ್ಲಿ ಮೀಸಲಾತಿ ದೊರೆತಿದೆಯಲ್ಲ ಎಂದು ಕೆಲವರು ಹೇಳಬಹುದು. ಅದು ದೊಡ್ಡ ಉಪಕಾರವೆಂಬುದನ್ನು ನಾನು ಅಲ್ಲಗಳೆಯುವುದಿಲ್ಲ. ಆದರೆ ಮೀಸಲಾತಿ ಫಲಿಸುವುದು ಹುದ್ದೆ ಪ್ರಕಟವಾದಾಗ. ಪ್ರಕಟವೇ ಆಗದ ಹುದ್ದೆಯಲ್ಲಿ ಯಾರ ಪಾಲು ಎಷ್ಟಾದರೇನು?

ಇದಕ್ಕೆ ಸರ್ಕಾರವೊಂದನ್ನೇ ದೂರಿ ಲೇಖನ ಮುಗಿಸುವುದು ಸುಲಭ. ಆದರೆ ನಮ್ಮ ಪಾಲಿನ ತಪ್ಪನ್ನೂ ಹೇಳದೆ ಇರಲಾರೆ. ಬಸ್ಸು ಬರದಿದ್ದರೆ ನಾವು ರಸ್ತೆಗಿಳಿಯುತ್ತೇವೆ. ವಿದ್ಯಾರ್ಥಿವೇತನ ತಡವಾದರೆ ಮನವಿ ಕೊಡುತ್ತೇವೆ. ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹೂವಿನಹಡಗಲಿ, ಹರಪನಹಳ್ಳಿಗಳಲ್ಲಿ ‘ನಮ್ಮ ಕಾಲೇಜಿಗೆ ಗ್ರಂಥಪಾಲರನ್ನು ಕೊಡಿ’ ಎಂದು ವಿದ್ಯಾರ್ಥಿಗಳು ಕೇಳಿದುದನ್ನು ಈ ಮೂರು ವರ್ಷಗಳಲ್ಲಿ ನಾನಂತೂ ಕಂಡಿಲ್ಲ. ಕೇಳುವವರೇ ಇಲ್ಲದ ಹುದ್ದೆಯನ್ನು ಯಾರು ತುಂಬುತ್ತಾರೆ?

ಕೇಳುವ ಹಕ್ಕು ನಮಗೆ ಇಂದು ಬಂದದ್ದಲ್ಲ. ಮದ್ರಾಸು ಪ್ರಾಂತದಲ್ಲಿ 1948ರಲ್ಲಿ ಸಾರ್ವಜನಿಕ ಗ್ರಂಥಾಲಯಗಳ ಕಾಯಿದೆ ಆದಾಗ ನಮ್ಮ ಬಳ್ಳಾರಿ ಜಿಲ್ಲೆ ಆ ಪ್ರಾಂತಕ್ಕೆ ಸೇರಿತ್ತು. 1953ರಲ್ಲಿ ನಾವು ಮೈಸೂರು ರಾಜ್ಯಕ್ಕೆ ಬಂದೆವು. ಆ ರಾಜ್ಯದ ಕಾಯಿದೆ ಆದದ್ದು 1965ರಲ್ಲಿ. 2021ರಲ್ಲಿ ವಿಜಯನಗರ ಜಿಲ್ಲೆಯೂ ಆಯಿತು. ಜಿಲ್ಲೆಯ ಹೆಸರು, ರಾಜ್ಯದ ಹೆಸರು ಬದಲಾದರೂ ಕರ ಉಳಿಯಿತು. ಆಸ್ತಿ ತೆರಿಗೆಯ ನೂರು ರೂಪಾಯಿಗೆ ಆರು ರೂಪಾಯಿಯಂತೆ ಗ್ರಂಥಾಲಯ ಕರವನ್ನು ನಾವು ಈಗಲೂ ಕಟ್ಟುತ್ತೇವೆ. ನಮ್ಮ ಮನೆಯ ಕಂದಾಯದ ರಸೀದಿಯನ್ನು ತೆಗೆದು, ಆ ಸಾಲಿನ ಮೇಲೆ ಬೆರಳಿಟ್ಟು ನಮ್ಮಪ್ಪನಿಗೆ ಓದಿ ಹೇಳಿದೆ. ಅಕ್ಷರ ಬಾರದ ಅವರು ರಸೀದಿಯನ್ನು ತಿರುಗಿಸಿ ನೋಡಿ, ‘ಹಂಗಾದ್ರ ನಾನೂ ರೊಕ್ಕ ಕೊಟ್ಟೀನಿ ಅನ್ನು’ ಎಂದರು. ಅಂದಿನಿಂದ ಎರಡು ವರ್ಷದ ಓದಿನ ಬಗ್ಗೆ ಅವರು ಆಕ್ಷೇಪವೆತ್ತಿಲ್ಲ.

‘ಮೊಬೈಲಿನಲ್ಲಿ ಎಲ್ಲವೂ ಸಿಗುವಾಗ ಗ್ರಂಥಪಾಲನೇಕೆ?’ ಎಂಬ ಮಾತೂ ಉಂಟು. ಕಾಲೇಜು ವಿದ್ಯಾರ್ಥಿಗಳು ಸಾವಿರಾರು ವಿದ್ಯುನ್ಮಾನ ಪುಸ್ತಕಗಳನ್ನು ಓದಲೆಂದು ಎನ್-ಲಿಸ್ಟ್ ಎಂಬ ಯೋಜನೆಯಿದೆ. ಸದಸ್ಯತ್ವವಿರುವ ಕಾಲೇಜುಗಳಲ್ಲಿಯೂ ಅದರ ಪ್ರವೇಶಪದವನ್ನು ಪಡೆದ ವಿದ್ಯಾರ್ಥಿಗಳು ಎಷ್ಟು ಮಂದಿ? ಹೇಳಿಕೊಡುವವರಿಲ್ಲದಿದ್ದರೆ ಬೀರುವಿನ ಪುಸ್ತಕಕ್ಕೆ ಹಿಡಿದ ಧೂಳು ಯಂತ್ರದ ಪುಸ್ತಕಕ್ಕೂ ಹಿಡಿಯುತ್ತದೆ. ಇಂದಿನ ಗ್ರಂಥಪಾಲ ವರ್ಗೀಕರಣದ ಜೊತೆಗೆ ಕೋಹಾ, ಇ-ಗ್ರಂಥಾಲಯದಂಥ ತಂತ್ರಾಂಶಗಳನ್ನೂ ಕಲಿತಿರಬೇಕು.

ಆದುದರಿಂದ ಈ ದಾರಿ ಹಿಡಿಯಬೇಕೆನ್ನುವ ಮಿತ್ರರಿಗೆ ನನ್ನ ಅಲ್ಪಮತಿಗೆ ತೋಚಿದ ಎರಡು ಮಾತು. ಹುದ್ದೆ ಕಾಯುತ್ತಿದೆಯೆಂದು ನಂಬಿ ಸೇರಬೇಡಿ. ಎಂ.ಲಿಬ್. ಮತ್ತು ನೆಟ್ ವರೆಗೆ ಓದುವ ಸಂಕಲ್ಪವಿದ್ದರೆ ಮಾತ್ರ ಸೇರಿ. ನಡುವೆ ನಿಂತರೆ ದಾರಿ ಇಕ್ಕಟ್ಟಾಗುತ್ತದೆ. ಮನೆಯ ಕಷ್ಟದಿಂದ ದೂರದ ಊರಿಗೆ ಹೋಗಲಾರದವರಿಗೆ ಮೈಸೂರಿನ ಮುಕ್ತ ವಿಶ್ವವಿದ್ಯಾಲಯದಲ್ಲಿಯೂ ಈ ಶಿಕ್ಷಣ ಉಂಟು, ದುಡಿಯುತ್ತಲೇ ಓದಬಹುದು.

ಉಳಿದ ಸಹಪಾಠಿಗಳಲ್ಲಿ ನನ್ನದೊಂದು ಬಿನ್ನಹ. ಗ್ರಂಥಾಲಯಕ್ಕೆ ಹೋಗಿ, ಬೇಕಾದ ಪುಸ್ತಕವನ್ನು ಹೆಸರು ಹಿಡಿದು ಕೇಳಿ, ಸಿಗದಿದ್ದರೆ ಬರೆದು ಕೊಡಿ. ವರ್ಷದಲ್ಲಿ ಒಮ್ಮೆಯಾದರೂ ಎಲ್ಲರೂ ಸಹಿ ಹಾಕಿ ಗ್ರಂಥಪಾಲರ ಹುದ್ದೆಗಾಗಿ ಮನವಿ ಸಲ್ಲಿಸೋಣ. ಗುರುಗಳೂ ನಮ್ಮೊಡನೆ ದನಿಗೂಡಿಸುವರೆಂಬ ನಂಬಿಕೆ ನನಗಿದೆ. ಆ ಹುದ್ದೆ ನನಗೇ ದೊರೆಯಬೇಕೆಂದು ನಾನು ಹೇಳುತ್ತಿಲ್ಲ. ನಾನು ಈ ವರ್ಷ ಅರ್ಜಿ ಹಾಕುತ್ತೇನೆ. ಫಲ ಏನಾದರೂ ಆಗಲಿ. ಆದರೆ ಮುಂದೆ ನಮ್ಮೂರಿನಿಂದ ಬರುವ ಹುಡುಗನೊಬ್ಬ ಒಂದು ಪುಸ್ತಕಕ್ಕಾಗಿ ಮೂರು ವಾರ ಅಲೆಯುವಂತಾಗಬಾರದು.