ಕೇಳದೆ ಹೊರಿಸಿದ ನೋವು

‘ನಾವೆಲ್ಲಾ ಹಡ್ದಿಲ್ಲೇನವ್ವಾ?’ ಕಿರವತ್ತಿಯಲ್ಲಿ, ತುಂಬು ಬಸುರಿಯಾಗಿದ್ದ ನಾನು ಎಪಿಡ್ಯೂರಲ್ ಬಗ್ಗೆ ಕೇಳಿದಾಗ ಅತ್ತೆ ಅಂದ ಮಾತಿದು. ಹಲ್ಲು ಕೀಳಿಸುವಾಗ ಇದೇ ಅತ್ತೆ ಮೊದಲು ಇಂಜೆಕ್ಷನ್ ಕೇಳಿದ್ದರು!

1853ರಲ್ಲಿ ವಿಕ್ಟೋರಿಯಾ ರಾಣಿ ಕ್ಲೋರೋಫಾರ್ಮ್ ಪಡೆದು ಹೆತ್ತಳು. ಅವಳ ತಾಯ್ತನವೇನೂ ಕಡಿಮೆಯಾಗಲಿಲ್ಲ. ಆರೋಗ್ಯವಂತ ಗರ್ಭಿಣಿ ನೋವು ಕಡಿಮೆ ಮಾಡಿ ಎಂದು ಕೇಳಿದರೆ ಎಪಿಡ್ಯೂರಲ್ ಕೊಡಬಹುದೆಂದು ವಿಶ್ವ ಆರೋಗ್ಯ ಸಂಸ್ಥೆ 2018ರಲ್ಲೇ ಹೇಳಿದೆ.

ಬೆನ್ನಿಗೆ ಆ ಸೂಜಿ ಹಾಕಲು ಅರಿವಳಿಕೆ ತಜ್ಞರು ಬೇಕು. ತಾಯಿಯ ರಕ್ತದೊತ್ತಡ, ಮಗುವಿನ ಎದೆಬಡಿತ ನೋಡುತ್ತಲೇ ಇರಬೇಕು. ಅದಕ್ಕೆ ನಾವು ಹುಬ್ಬಳ್ಳಿಯ ದಾರಿ ನೋಡುವವರು. ಇಲ್ಲದ್ದನ್ನು ಇಲ್ಲ ಎನ್ನಿ. ಆ ಕೊರತೆಯನ್ನು ‘ನೋವುಂಡರೇ ತಾಯಿ’ ಎಂಬ ಹೊಗಳಿಕೆಯಲ್ಲಿ ಮುಚ್ಚಬೇಡಿ.

ಎಪಿಡ್ಯೂರಲ್ ಬೇಡವೆನ್ನುವ ಹಕ್ಕೂ ಹೆರುವವಳದೇ. ಆದರೆ ‘ಬೇಕೇ?’ ಎಂದು ಯಾರೂ ಕೇಳದ ಮೇಲೆ, ಅವಳೇ ಬೇಡವೆಂದಳು ಎನ್ನುವುದು ಸುಳ್ಳು.