ಕೇಳುವವನ ಪಾಲು

ಮಾತು ಕೆಟ್ಟವರ ವಿಷಯ ಬಂದಾಗ ನಾವು ವೈದ್ಯರ ಕಡೆಗೂ ರೋಗಿಯ ಕಡೆಗೂ ನೋಡುತ್ತೇವೆ. ಎದುರಿಗೆ ಕುಳಿತು ಕೇಳುವವನನ್ನು ಲೆಕ್ಕಕ್ಕೆ ಹಿಡಿಯುವುದಿಲ್ಲ. ವಾಣಿಜ್ಯಶಾಸ್ತ್ರ ಓದಿ ಬ್ಯಾಂಕಿನಲ್ಲಿ ದುಡಿಯುವ ನನಗೆ ಇದು ಒಂದೇ ಬದಿ ಬರೆದ ಖಾತೆಯಂತೆ ತೋರುತ್ತದೆ. ಹೇಳುವವನ ಶಕ್ತಿ ಕುಂದಿದಷ್ಟೂ ಕೇಳುವವನ ಪಾಲು ಹೆಚ್ಚಬೇಕು.

ಮಾತು ಕೆಡುವುದು ಒಂದೇ ಬಗೆಯಲ್ಲಲ್ಲ. ಪಾರ್ಶ್ವವಾಯುವಿನಿಂದ ನಾಲಿಗೆ, ತುಟಿಗಳ ಸ್ನಾಯುಗಳು ದುರ್ಬಲವಾದರೆ ಉಚ್ಚಾರಣೆ ಅಸ್ಪಷ್ಟವಾಗುತ್ತದೆ. ಪದವು ಮನಸ್ಸಿನಲ್ಲಿ ಸರಿಯಾಗಿಯೇ ಇರುತ್ತದೆ. ಮಿದುಳಿನ ಭಾಷಾಕೇಂದ್ರಕ್ಕೇ ಪೆಟ್ಟು ಬಿದ್ದರೆ ಪದವೇ ಸಿಕ್ಕದು. ‘ನೀರು’ ಎನ್ನಹೋಗಿ ‘ಹಾಲು’ ಎಂದಾರು. ಇದನ್ನು ವೈದ್ಯರು ಅಫೇಸಿಯ ಎನ್ನುತ್ತಾರೆ. ತಂಬಾಕು ಬೆರೆತ ಬೀಡಾ ಮೆಲ್ಲುವ ಈ ಊರಿನಲ್ಲಿ, ಬಾಯಿಯ ಕ್ಯಾನ್ಸರಿಗಾಗಿ ನಾಲಿಗೆಯ ಭಾಗ ತೆಗೆಸಿಕೊಂಡವರ ಮಾತೂ ಬದಲಾಗುತ್ತದೆ. ಮಾತು ತೊದಲಿದ ಮಾತ್ರಕ್ಕೆ ಬುದ್ಧಿ ಕೆಟ್ಟಿತೆಂದು ಎಣಿಸುವುದು ತಪ್ಪು.

ಕಾಶಿಯ ಕನ್ನಡಿಗರಿಗೆ ಇನ್ನೊಂದು ಸಂಕಟವಿದೆ. ಎರಡು ಭಾಷೆ ಬಲ್ಲವರಿಗೆ ಪಾರ್ಶ್ವವಾಯು ತಗಲಿದ ಮೇಲೆ ಎರಡೂ ಸಮನಾಗಿ ಮರಳಬೇಕೆಂದಿಲ್ಲ. ಮೂವತ್ತು ವರ್ಷ ಹಿಂದಿಯಲ್ಲಿ ವ್ಯವಹರಿಸಿದ ಅಜ್ಜನಿಗೆ ಉಳಿದದ್ದು ಒಡೆದ ಕನ್ನಡವಾದರೆ, ಆಸ್ಪತ್ರೆಯ ದಾದಿಗೆ ಅದು ಬರಿಯ ಗೊಣಗಾಟ. ಕನ್ನಡ ಬಾರದ ಮೊಮ್ಮಗನಿಗೂ ಹಾಗೆಯೇ. ಆ ಹಾಸಿಗೆಯ ಬಳಿ ಕನ್ನಡ ಬಲ್ಲ ಕಿವಿಯೊಂದು ಔಷಧದಷ್ಟೇ ಅಗತ್ಯ.

ಕೇಳುವುದಕ್ಕೂ ಕ್ರಮವುಂಟು. ಟೆಲಿವಿಷನ್ನಿನ ಸದ್ದು ನಿಲ್ಲಿಸಿ ಎದುರುಬದುರು ಕೂರಬೇಕು. ಅವರ ವಾಕ್ಯವನ್ನು ನಾವು ಮುಗಿಸಬಾರದು. ಕಿವುಡರೊಡನೆ ಎಂಬಂತೆ ಕೂಗಬಾರದು. ತಿಳಿದಷ್ಟನ್ನು ತಿರುಗಿ ಹೇಳಿ, ತಿಳಿಯದುದನ್ನು ಮಾತ್ರ ಮತ್ತೆ ಕೇಳಬೇಕು. ಹೌದು, ಅಲ್ಲ ಎಂದರೆ ಸಾಕಾಗುವಂಥ ಪ್ರಶ್ನೆಗಳಿರಲಿ. ಕಾಗದ, ಪೆನ್ಸಿಲು ಕೈಗೆಟುಕುವಂತಿರಲಿ. ತಿಳಿಯದೆ ತಲೆಯಾಡಿಸುವುದು ಮಾತ್ರ ಕೂಡದು. ಸಹಿ ಹೊಂದದಿದ್ದರೆ ನಾವು ಇನ್ನೊಮ್ಮೆ ಹಾಕಿಸಿಕೊಳ್ಳುತ್ತೇವೆ, ಅಂದಾಜಿನ ಮೇಲೆ ಹಣ ಕೊಡುವುದಿಲ್ಲ. ಮಾತಿಗೂ ಅದೇ ನ್ಯಾಯ ಸಲ್ಲಬೇಕು.

ಇಷ್ಟಕ್ಕೆ ಸಮಯವೆಲ್ಲಿ ಎನ್ನುವವರುಂಟು. ಆದರೆ ಕಿವಿ ಪಳಗುತ್ತದೆ. ದಿನವೂ ಕೇಳುವವರಿಗೆ ಹೊಸಬರಿಗಿಂತ ಬೇಗ ಅರ್ಥವಾಗುತ್ತದೆ. ಮೈಸೂರಿನಲ್ಲಿ 1965ರಲ್ಲಿ ಸ್ಥಾಪಿತವಾದ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ನಮ್ಮ ನಾಡಿನ ಹೆಮ್ಮೆ. 2016ರ ಅಂಗವಿಕಲರ ಹಕ್ಕುಗಳ ಕಾಯಿದೆಯು ವಾಕ್ ಮತ್ತು ಭಾಷಾ ವೈಕಲ್ಯವನ್ನು ತನ್ನ ಪಟ್ಟಿಯಲ್ಲಿ ಸೇರಿಸಿದೆ. ಸಂಸ್ಥೆ ಚಿಕಿತ್ಸೆ ಕೊಟ್ಟೀತು, ಕಾಯಿದೆ ಹಕ್ಕು ಕೊಟ್ಟೀತು. ತಾಳ್ಮೆಯನ್ನು ನಾವೇ ಕೊಡಬೇಕು.

ಇಲ್ಲಿನ ಆಸ್ಪತ್ರೆಗಳಲ್ಲಿ ಕನ್ನಡ ರೋಗಿಯೊಬ್ಬರು ಮಲಗಿರುವ ಸುದ್ದಿ ತಿಳಿದರೆ, ನಮ್ಮ ಸಂಘದ ಸದಸ್ಯರು ಸರದಿಯ ಮೇಲೆ ಅರ್ಧ ಗಂಟೆ ಹೋಗಿ ಕೂರಲಿ. ಹಣ್ಣಿನ ಬುಟ್ಟಿಯನ್ನು ಯಾರಾದರೂ ಒಯ್ದಾರು. ಅವರ ಮಾತನ್ನು ಹಿಂದಿಯಲ್ಲಿ ವೈದ್ಯರಿಗೆ ಮುಟ್ಟಿಸಬಲ್ಲವರು ನಾವು ಮಾತ್ರ.